ಮಹಾರಾಣಿಯವರ ಸವಾರಿ

"ಹೃದಯದಲ್ಲಿರೋ ಈ ತೂತು ಹುಟ್ಟುವಾಗಲೇ ಇತ್ತು," ಎಂದು ಡಾಕ್ಟರು ಪರದೆಯ ಮೇಲೆ ಬೆರಳಿಟ್ಟರು. "ನಲವತ್ತು ವರ್ಷ ಪಾಪ, ಈ ಹೃದಯ ಇಬ್ಬರ ಕೆಲಸ ಮಾಡಿದೆ. ಮೆಟ್ಟಿಲು ಹತ್ತುವಾಗ ಏದುಸಿರು ಬರ್ತಿರಲಿಲ್ವಾ?"

ಎದೆಗೆ ಬಳಿದಿದ್ದ ತಣ್ಣನೆಯ ಜೆಲ್ ಒರೆಸಿಕೊಳ್ಳುತ್ತಿದ್ದ ಅವಳು ಅಮ್ಮನ ಕಡೆ ನೋಡಿದಳು. ಶಾಲೆಗೆ ಹೋಗುವ ಕಾಲದಿಂದಲೂ ಸಾಮಾನಿನ ಚೀಲ ಹೊತ್ತು ಬಂದವಳು ಎರಡನೇ ಮಹಡಿಯ ತಿರುವಿನಲ್ಲಿ ಕುಸಿದು ಕೂರುತ್ತಿದ್ದಳು. "ಮಹಾರಾಣಿಯವರ ಸವಾರಿ ಎಲ್ಲಿಗೆ ಬಂತು?" ಎಂದು ಅಮ್ಮ ಮೇಲಿನಿಂದ ಕೂಗಿದರೆ ಅಕ್ಕಪಕ್ಕದ ಮನೆಯವರೆಲ್ಲ ಕಿಸಕ್ಕನೆ ನಗುತ್ತಿದ್ದರು. ಮೈಗಳ್ಳಿ ಎಂಬ ಹೆಸರು ಎಷ್ಟು ಅಂಟಿತ್ತೆಂದರೆ ಅವಳೂ ಅದನ್ನೇ ನಂಬಿಬಿಟ್ಟಿದ್ದಳು. ಹೊಲಿಗೆ ಅಂಗಡಿಯಲ್ಲಿ ಕಣ್ಣಿಗೆ ಕತ್ತಲೆ ಕವಿದಾಗಲೂ ತನ್ನನ್ನೇ ಬೈದುಕೊಂಡು ಮತ್ತೆ ಮಷೀನು ತುಳಿದಿದ್ದಳು.

ಈಗ ಅಮ್ಮನ ಮುಖ ಬಿಳಿಚಿಕೊಂಡಿತ್ತು. ಮಗಳು ಕಾದಳು. ತಪ್ಪಾಯ್ತು ಅನ್ನುವುದೇನೂ ಬೇಡ, ಅಯ್ಯೋ ಅಂದಿದ್ದರೂ ಸಾಕಿತ್ತು.

"ಒಡಹುಟ್ಟಿದವರಿದ್ರೆ ಅವರಿಗೂ ಒಂದ್ಸಲ ಪರೀಕ್ಷೆ ಮಾಡಿಸಿ," ಎಂದರು ಡಾಕ್ಟರು.

ಅಮ್ಮ ಗಡಬಡಿಸಿ ಫೋನ್ ತೆಗೆದು ತನ್ನ ಕಿರಿಮಗನಿಗೆ ಕರೆ ಮಾಡಿದಳು. "ಎಲ್ಲಿದ್ದೀಯೋ ಮಗಾ? ಮೆಟ್ಟಿಲು ಹತ್ತುತ್ತಾ ಇದ್ದೀಯಾ? ಬೇಡಪ್ಪಾ, ಅಲ್ಲೇ ಕೂತ್ಕೋ. ಕೆಲಸ ಹಾಳಾಗಿ ಹೋಗ್ಲಿ, ನೀನು ಸುಧಾರಿಸ್ಕೋ ಕಂದಾ." ದನಿಯಲ್ಲಿ ಅಳುವಿತ್ತು. ಮಾತಾಡುತ್ತಲೇ, ನೀರಿನ ಬಾಟಲಿ, ಹೊದಿಕೆ, ಹಣ್ಣು ತುಂಬಿದ್ದ ಭಾರದ ಚೀಲವನ್ನು ಇನ್ನೊಂದು ಕೈಯಿಂದ ಮಗಳತ್ತ ಚಾಚಿದಳು.

"ಹಿಡ್ಕೊಳ್ಳೇ ಇದನ್ನ."

ಅವಳ ಕೈ ಎಂದಿನಂತೆ ತಾನಾಗಿಯೇ ಮುಂದೆ ಬಂತು.