ಮುಸುಕು ತೆಗೆದ ಕುರ್ಚಿಗಳು

ಅಕ್ಕ ಮಾರ್ಲಿಸ್ ಬರುವ ದಿನ ಗ್ಲೆಂಡಾ ಕೊನೆಗೂ ಹಿತ್ತಲಿನ ತೇಗದ ಕುರ್ಚಿಗಳ ಮುಸುಕು ತೆಗೆದಳು. ತನ್ನ ಮನೆಯಲ್ಲಿ ಅಂಥ ನಾಲ್ಕು ಕುರ್ಚಿಗಳಿವೆ ಎಂಬುದು ಗಂಡ ವರ್ನನ್‌ಗೆ ನೆನಪಿತ್ತು. ಬಣ್ಣ ಮಾತ್ರ ಮರೆತುಹೋಗಿತ್ತು.

"ಮೆತ್ತೆ ನೀಲಿದಾ? ನಾನು ಹಸಿರು ಅಂದ್ಕೊಂಡಿದ್ದೆ."

"ಮುಟ್ಟಬೇಡ. ಕೈ ತೊಳೆದಿದ್ದೀಯಾ?"

ಅರಿಜೋನಾದ ಬಿಸಿಲು, ಧೂಳು ತಾಗದಿರಲೆಂದು ಕುರ್ಚಿಗಳಿಗೆ ಮುಸುಕು. ಮುಸುಕು ಹಾಳಾಗದಿರಲೆಂದು ಅದರ ಮೇಲೊಂದು ಹಳೆಯ ಬೆಡ್‌ಶೀಟು. ಒಟ್ಟಿನಲ್ಲಿ ಕುರ್ಚಿಗಳು ಸುಖವಾಗಿದ್ದವು. ಈಜುಕೊಳದ ಆಚೆ ಪೂಲ್ ಹೌಸ್ ಇತ್ತು. ಈಜಿ ಬಂದವರು ಒದ್ದೆ ಬಟ್ಟೆ ಬದಲಿಸಲಿ ಎಂದು ಕಟ್ಟಿಸಿದ್ದು. ಅದರ ನೆಲವನ್ನು ಗ್ಲೆಂಡಾ ಫಳಫಳ ಹೊಳೆಯುವಂತೆ ಇಟ್ಟಿದ್ದರಿಂದ ಒದ್ದೆ ಕಾಲಿನವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಮಂಡಿಯ ಆಪರೇಷನ್ ಮಾಡಿಸಿಕೊಂಡಿದ್ದ ವರ್ನನ್‌ನ ಆಸೆ ದೊಡ್ಡದೇನಲ್ಲ. ಬೆಳಗಿನ ಕಾಫಿಯನ್ನು ತನ್ನ ಕೊಳದ ಎದುರು, ತನ್ನ ಕುರ್ಚಿಯಲ್ಲಿ ಕೂತು ಕುಡಿಯಬೇಕು, ಅಷ್ಟೇ. ಸದ್ಯಕ್ಕೆ ಪೂಲ್ ಹೌಸಿನ ಹಿಂದೆ, ಪಂಪಿನ ಪಕ್ಕ, ಕ್ಲೋರಿನ್ ಬಿಲ್ಲೆಗಳ ಬಕೆಟ್ಟಿನ ಮುಚ್ಚಳದ ಮೇಲೆ ಕೂತು ಕುಡಿಯುತ್ತಿದ್ದ. ಎದುರಿಗೆ ಗೋಡೆ.

"ಇವತ್ತಾದರೂ ಕೂತ್ಕೋಬಹುದಾ?"

"ಮೊದಲು ಮಾರ್ಲಿಸ್ ಕೂತ್ಕೊಳ್ಳಲಿ, ಆಮೇಲೆ ನೀನು. ಬಂದವಳು ನಿಂತಿರುವಾಗ ನೀನು ಕೂತರೆ ಏನು ಚೆಂದ?"

ಮಾತು ನ್ಯಾಯವಾಗಿಯೇ ಇತ್ತು. ಗ್ಲೆಂಡಾ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕುರ್ಚಿಯ ಪಟ್ಟಿಗಳ ಸಂದು ಉಜ್ಜಿದಳು. ಕಲ್ಲುಹಾಸನ್ನು ತೊಳೆದಳು, ತೊಳೆದದ್ದನ್ನು ಒರೆಸಿದಳು. ಕೊಳದಲ್ಲಿ ತೇಲುತ್ತಿದ್ದ ಒಂದೇ ಒಂದು ಎಲೆಯನ್ನು ಬಲೆ ಹಾಕಿ ಹಿಡಿದಳು. ನೋಡುತ್ತ ನಿಂತ ವರ್ನನ್‌ಗೆ ಆಸೆ ಚಿಗುರಿತು.

ಮಧ್ಯಾಹ್ನ ಮಾರ್ಲಿಸ್ ಬಂದಳು. ಮಿನೆಸೋಟಾದ ಹಿಮದಿಂದ ನೇರವಾಗಿ ಬಂದವಳು, ದಪ್ಪ ಕೋಟು ಇನ್ನೂ ತೋಳಿನ ಮೇಲಿತ್ತು. ಅಕ್ಕತಂಗಿಯರಿಬ್ಬರೂ ಅಲ್ಲೇ ಹುಟ್ಟಿ ಬೆಳೆದವರು. ಅಲ್ಲಿಯವರು ಯಾರು ಏನು ಕೊಟ್ಟರೂ ಎರಡು ಸಲ ಬೇಡ ಎನ್ನುತ್ತಾರೆ. ಮೂರನೆಯ ಸಲ ಒತ್ತಾಯಿಸಿದರೆ, ನಿಮಗೆ ಬೇಜಾರಾಗಬಾರದಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಮೊದಲ ಸಲಕ್ಕೇ ಹೂಂ ಎನ್ನುವವರನ್ನು ಟೆಕ್ಸಸ್‌ನವರು ಎನ್ನುತ್ತಾರೆ. ವರ್ನನ್ ಟೆಕ್ಸಸ್‌ನವನು.

"ಕೂತ್ಕೋ ಮಾರ್ಲಿಸ್," ಎಂದಳು ಗ್ಲೆಂಡಾ.

"ಅಯ್ಯೋ, ಬೇಡ ಕಣೇ. ವಿಮಾನದಲ್ಲಿ ಕೂತೂ ಕೂತೂ ಸಾಕಾಗಿದೆ." ಮಾರ್ಲಿಸ್ ಕುರ್ಚಿಯ ತೋಳನ್ನು ಮೆಲ್ಲಗೆ ಸವರಿದಳು.

"ಪರವಾಗಿಲ್ಲ, ಕೂತ್ಕೋ."

"ಛೆ ಛೆ! ಇಷ್ಟು ಶುಭ್ರವಾದ ಮೆತ್ತೆ ಮೇಲೆ ಈ ಬಟ್ಟೆಯಲ್ಲಿ ಹೇಗೆ ಕೂರಲಿ?"

ಗ್ಲೆಂಡಾ ಅಕ್ಕನ ಪ್ಯಾಂಟು ನೋಡಿದಳು. ಅದು ವಿಮಾನದ ಸೀಟು, ಟ್ಯಾಕ್ಸಿಯ ಸೀಟು ಎಲ್ಲವನ್ನೂ ಕಂಡು ಬಂದಿತ್ತು. ನೀಲಿ ಮೆತ್ತೆ ನೋಡಿದಳು. ಮಾರ್ಲಿಸ್ ಆಗಲೇ ಸೊಂಟವನ್ನು ತುಸು ಬಗ್ಗಿಸಿ ಮೂರನೆಯ ಮಾತಿಗೆ ಕಾಯುತ್ತಿದ್ದಳು.

"ಅದೂ ನಿಜವೇ ಬಿಡು," ಎಂದಳು ಗ್ಲೆಂಡಾ.

ಬಗ್ಗಿದ ಸೊಂಟ ನೆಟ್ಟಗಾಯಿತು. ಮೂವರೂ ನಾಲ್ಕು ಕುರ್ಚಿಗಳ ನಡುವೆ ನಿಂತು ಕಾಫಿ ಕುಡಿದರು. ಮಾರ್ಲಿಸ್ ಡಬ್ಬಿಯಲ್ಲಿ ತಂದಿದ್ದ ಕುಂಬಳದ ಕೇಕನ್ನು, ಚೂರು ಉದುರದಂತೆ ಗಲ್ಲದ ಕೆಳಗೆ ತಟ್ಟೆ ಹಿಡಿದು ತಿಂದರು. ಕೊನೆಯ ತುಂಡನ್ನು ವರ್ನನ್ ಎತ್ತಿಕೊಂಡಾಗ ಅಕ್ಕತಂಗಿಯರು ಮುಖ ಮುಖ ನೋಡಿಕೊಂಡರು. ಹವೆ ಎಷ್ಟು ಹಿತವಾಗಿದೆ ಎಂದು ಎಲ್ಲರೂ ಒಪ್ಪಿದರು. ವರ್ನನ್ ನೋವಿನ ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ಹೆಂಡತಿಯತ್ತ ನೋಡಿದ. ಅವಳು ಇನ್ನೂ ನಿಂತೇ ಇದ್ದ ಅಕ್ಕನನ್ನು ಕಣ್ಣಿನಲ್ಲೇ ತೋರಿಸಿದಳು. ಕತ್ತಲಾಗುವ ಮೊದಲೇ ಮುಸುಕುಗಳು ಮತ್ತೆ ಏರಿದವು. ವರ್ನನ್‌ಗೆ ನಿಜಕ್ಕೂ ಅಳು ಬಂತು. ಈ ವಯಸ್ಸಿನಲ್ಲಿ ಕುರ್ಚಿಗಾಗಿ ಅಳುವುದು ಚೆನ್ನಾಗಿರುವುದಿಲ್ಲವೆಂದು ಹೋಗಿ ಮಲಗಿದ.

ಮರುದಿನ ಬೆಳಗ್ಗೆ ಕಾಫಿ ಹಿಡಿದು ಪೂಲ್ ಹೌಸಿನ ಹಿಂದೆ ಹೋದರೆ ಅವನ ಬಕೆಟ್ಟಿನ ಮೇಲೆ ಮಾರ್ಲಿಸ್ ಕೂತಿದ್ದಳು.

"ಇಲ್ಲೇನು ಮಾಡ್ತಿದ್ದೀಯ ಮಾರಾಯ್ತಿ?"

"ಕೂತಿದ್ದೀನಿ ಕಣಯ್ಯಾ. ಆ ಕಡೆ ಕೂತ್ಕೋ ಅನ್ನೋರು ಯಾರಿದ್ದಾರೆ?"

"ಗ್ಲೆಂಡಾ ನಿನ್ನೆ ಎರಡು ಸಲ ಹೇಳಿದಳಲ್ಲ!"

"ಎರಡು ಸಲ ಯಾರು ಬೇಕಾದರೂ ಹೇಳ್ತಾರೆ. ದಾರಿಯಲ್ಲಿ ಹೋಗೋರಿಗೂ ಹೇಳ್ತಾರೆ. ಒಡಹುಟ್ಟಿದವಳು ಇನ್ನೊಂದು ಸಲ ಹೇಳಬಾರದಿತ್ತಾ?" ಮಾರ್ಲಿಸ್ ಮೂಗು ಒರೆಸಿಕೊಂಡಳು.

ವರ್ನನ್ ಮೂಲೆಯಲ್ಲಿದ್ದ ಇನ್ನೊಂದು ಬಕೆಟ್ ಎಳೆದುಕೊಂಡು ಪಕ್ಕದಲ್ಲಿ ಕೂತ. ಇಬ್ಬರೂ ಗೋಡೆ ನೋಡುತ್ತ ಕಾಫಿ ಹೀರಿದರು. ಗೋಡೆಯಾಚೆ ಪೈಪಿನ ನೀರು ಸುರಿಯುವ ಸದ್ದು. ಯಾರೂ ಕೂರದ ಕುರ್ಚಿಗಳನ್ನು, ಅತಿಥಿ ಬಂದರಲ್ಲ ಎಂದು, ಗ್ಲೆಂಡಾ ಮತ್ತೆ ತೊಳೆಯುತ್ತಿದ್ದಳು.

"ವರ್ನನ್! ಕುರ್ಚಿ ತೊಳೆದಿದ್ದೀನಿ, ಕೂರಬೇಡ!" ಎಂದು ಅಲ್ಲಿಂದಲೇ ಕೂಗಿದಳು.

ಇಬ್ಬರೂ ಇನ್ನೊಂದು ಗುಟುಕು ಕಾಫಿ ಹೀರಿದರು.

"ಕೇಳಿಸ್ತಾ? ಕೂರಬೇಡ!" ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಮಾರ್ಲಿಸ್ ಎದ್ದರೆ ಅವಳಿಗೂ ಹೇಳು, ಕೂರಬಾರದು ಅಂತ!"

ಮಾರ್ಲಿಸ್ ಒಂದೊಂದು ಕೂಗಿಗೆ ಒಂದೊಂದು ಬೆರಳು ಮಡಚುತ್ತಿದ್ದವಳು ಮೂರನೆಯದನ್ನೂ ಮಡಚಿದಳು.

"ನೋಡಿದೆಯಾ," ಎಂದಳು, "ಮನಸ್ಸಿಂದ ಹೇಳೋದಾದರೆ ಮೂರನೇ ಸಲ ತಾನಾಗೇ ಬರುತ್ತೆ."