ಸಡಿಲಾದ ಹಿಡಿ

ಚಳಿಗಾಲ ಆಗಷ್ಟೇ ಶುರುವಾಗಿತ್ತು, ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಬೆತ್ತದ ಕುರ್ಚಿ ಹೆಣೆಯುವ, ಕಣ್ಣು ಕಾಣದ ಅಕ್ಕ, ದಾರಿ ತೋರಿಸುವ ನಾಯಿಯ ಬೆನ್ನಪಟ್ಟಿಯ ಹಿಡಿ ಹಿಡಿದು ಕೆಲಸಕ್ಕೆ ಹೊರಟಿದ್ದಳು. ಆ ನಾಯಿಯನ್ನು ಬೀದಿಯವರೆಲ್ಲ ಮೇಡಂ ಎನ್ನುತ್ತಿದ್ದರು.

"ಏನಕ್ಕಾ, ಇವತ್ತು ಮೇಡಮ್ಮನ್ನ ನೀನೇ ಕರ್ಕೊಂಡು ಹೊರಟಂಗಿದೆ!" ಚಹಾದಂಗಡಿಯವನು ನಕ್ಕ.

"ವಯಸ್ಸಾಯ್ತಲ್ಲಪ್ಪ, ಅವಳಿಗೂ ಒಂದು ಆಳು ಬೇಡ್ವಾ?" ಎಂದ ಅಕ್ಕನ ನಗು ಎರಡು ಹೆಜ್ಜೆಗೇ ನಿಂತಿತು. ಯಾವಾಗಲೂ ಅಂಗೈಯನ್ನು ಮುಂದಕ್ಕೆಳೆಯುತ್ತಿದ್ದ ಹಿಡಿ ಸಡಿಲವಾಗಿತ್ತು. ರಸ್ತೆಯಂಚಿನಲ್ಲಿ ರೂಢಿಯಿಂದ ನಿಂತವಳು ತಾನು. ತಾನು ನಿಂತ ಮೇಲೆ ಮೇಡಂ ನಿಂತಿತು. ಅದಕ್ಕೂ ಕಣ್ಣು ಹೋಗುತ್ತಿದೆ. ಒಪ್ಪಿಕೊಂಡರೆ ಮೇಡಮ್ಮನ್ನು ಬಿಟ್ಟುಕೊಡಬೇಕಲ್ಲ ಎಂದು ನಾಲ್ಕು ದಿನದಿಂದ ಅದರ ತಡವರಿಕೆಯನ್ನು ಚಳಿಯ ಮೇಲೆ ಹಾಕಿದ್ದಳು. ಅಕ್ಕ ಬಗ್ಗಿ ಪಟ್ಟಿ ಬಿಚ್ಚಿ ತನ್ನ ಹೆಗಲಿಗೇರಿಸಿದಳು, ಚೀಲದಿಂದ ಬಿಳಿ ಕೋಲು ತೆಗೆದಳು. "ಬಾ ತಾಯಿ, ಮನೆಗೆ ಹೋಗೋಣ."

"ನಮ್ಮನೇಲಿ ಮಕ್ಕಳ ಜೊತೆ ಹಾಯಾಗಿರ್ಲಿ ಬಿಡಕ್ಕಾ" ಎನ್ನುತ್ತ ಗುರುವಾರ ತಂಗಿ ಅದನ್ನು ಕರೆದೊಯ್ಯಲು ಬಂದಳು. ಹೊರಡುವ ಸದ್ದು ಕೇಳಿದ್ದೇ ಮೇಡಂ ಬಾಗಿಲ ಬಳಿ ತೂಗುತ್ತಿದ್ದ ಪಟ್ಟಿಗೆ ತಲೆ ತೂರಿಸಲು ಹೋಯಿತು. ಅಕ್ಕ ಪಟ್ಟಿಯನ್ನು ಮೇಲೆತ್ತಿ ಹಿಡಿದು, "ಸಾಕಮ್ಮ, ನಿನ್ನ ಡ್ಯೂಟಿ ಮುಗೀತು" ಎಂದಳು. ಮೇಡಂ ಪಟ್ಟಿಯಿಲ್ಲದ ಬರಿಮೈಯಲ್ಲಿ ತಂಗಿಯ ಜೊತೆ ಹೊರಟಿತು.