ಜ್ವರಕ್ಕೆ ಕೂತ ಹುಳ

ನಾಯಿಗಳು ಬೊಗಳುತ್ತಾ ಸುತ್ತುವರಿದಾಗ ಐದು ವರ್ಷದ ಹಂಸಿಕ ಓಡಲು ಒಂದು ಕಾಲು ಎತ್ತಿದ್ದಳು. ಮಾಗಡಿ ಬಸ್ಸು ನಿಲ್ಲುವ ಆ ರಸ್ತೆಬದಿಯಲ್ಲಿ ಅವಳ ಹತ್ತಿರ ಯಾರೂ ಇರಲಿಲ್ಲ. ಅಪ್ಪ ಮನೋಹರ್, ಅಮ್ಮ ಪ್ರತಿಮಾ ಬೇಲಿಯಾಚೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದರು.

"ಓಡಮ್ಮಿ, ಓಡು!" ಎಂದು ಕೂಗಿ ಮನೋಹರ್ ಕುಡುಗೋಲು ಹಿಡಿದು ಬೇಲಿ ಹಾರಲು ಹೋದ. ಪ್ರತಿಮಾ ಹಿಂದಿನಿಂದ ಅವನ ಅಂಗಿ ಹಿಡಿದೆಳೆದಳು. "ನೀನು ನುಗ್ಗುದ್ರೆ ಅವು ಮಗೀನ ಮ್ಯಾಲೆ ಬೀಳ್ತವೆ, ಒಸಿ ಸುಮ್ಕಿರು," ಎಂದವಳೇ ಮಗಳತ್ತ ಕೂಗಿದಳು: "ಹಂಸೀ, ಹುಳ ಜ್ವರಕ್ಕೆ ಕೂತವೆ ಕಣವ್ವ!"

ರೇಷ್ಮೆಹುಳು ಪೊರೆ ಕಳಚುವ ಮುಂಚೆ ತಲೆ ಎತ್ತಿ ಕಲ್ಲಿನಂತೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಯಿ ಬಂದರೆ ಹಾಗೇ ನಿಲ್ಲಬೇಕೆಂದು ಪ್ರತಿಮಾ ಹುಳುಮನೆಯಲ್ಲಿ ಮಗಳಿಗೆ ಆಟದಂತೆ ಕಲಿಸಿದ್ದಳು. "ಎಲ್ಲಾ ಬುಟ್ಟು ಮಗೀನ ಹುಳ ಮಾಡ್ತಾವ್ಳೆ," ಎಂದು ಮನೋಹರ್ ಆಗ ನಕ್ಕಿದ್ದ.

ಹಂಸಿಕ ಎತ್ತಿದ ಕಾಲನ್ನು ಕೆಳಗಿಟ್ಟಳು. ಕೈಗಳನ್ನು ಮೈಗೆ ಅಂಟಿಸಿ ಗದ್ದ ಮೇಲೆತ್ತಿದಳು. ಕೆಂದ ನಾಯಿಯೊಂದು ಹತ್ತಿರ ಬಂದು ಅವಳ ಲಂಗ ಮೂಸಿತು. ಅವಳು ರೆಪ್ಪೆಯನ್ನೂ ಮಿಟುಕಿಸಲಿಲ್ಲ. ಬೊಗಳುವುದಕ್ಕೆ ಇಲ್ಲೇನೂ ಇಲ್ಲವೆಂಬಂತೆ ನಾಯಿಗಳು ಒಂದೊಂದಾಗಿ ಸರಿದು, ಚರಂಡಿ ದಾಟಿ ಹೋದವು.

ಪ್ರತಿಮಾ ಅಂಗಿ ಬಿಟ್ಟಳು. ಬೇಲಿ ಹಾರಿ ಬಂದ ಮನೋಹರನ ಕಾಲುಗಳು ಗಡಗಡ ನಡುಗುತ್ತಿದ್ದವು. ಹಂಸಿಕ ಗದ್ದ ಇಳಿಸದೆ ಕಣ್ಣನ್ನಷ್ಟೇ ಅತ್ತ ಹೊರಳಿಸಿದಳು. "ಅಮ್ಮಾ, ಅಪ್ಪ ಅಲ್ಲಾಡ್ತಾವ್ನೆ! ಅಪ್ಪ ಔಟು!" ಎಂದು ಊರಿಗೆಲ್ಲ ಕೇಳುವಂತೆ ಕಿರುಚಿದಳು.